ಸಹಾಯಧನ ಸೇರುವುದು ಪಹಣಿಯ ಹೆಸರಿಗೆ

ಬೆಳುವಾಯಿ: ಕೃಷಿಕರಿಗೆ ಸರಕಾರ ನೀಡುವ ಹಣದ ಕುರಿತು ಮೂಡುಬಿದಿರೆ-ಕಾರ್ಕಳ ರಸ್ತೆಯ ಇಕ್ಕೆಲದ ಗ್ರಾಮಗಳಲ್ಲಿ ಎರಡು ದೂರುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಗದ್ದೆಗೆ ಇಳಿಯದೆ ಪರವೂರಿನಲ್ಲಿ ನೆಲೆಸಿದವರ ಖಾತೆಗೆ ಹಣ ಬೀಳುತ್ತಿದೆ ಎಂಬುದು ಒಂದು. ವರ್ಷವಿಡೀ ತೋಟದಲ್ಲೇ ದುಡಿಯುವವರಿಗೆ ಚಿಕ್ಕಾಸೂ ಬರುವುದಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಅಧಿಕಾರಿಗಳ ಪಕ್ಷಪಾತವೆಂದೋ ದಲ್ಲಾಳಿಗಳ ಕೈವಾಡವೆಂದೋ ಭಾವಿಸುವವರೇ ಹೆಚ್ಚು. ಆದರೆ ಬಹುತೇಕ ಪ್ರಕರಣಗಳಲ್ಲಿ ಇಂಥ ಯಾವ ಕೈವಾಡದ ಅಗತ್ಯವೂ ಇಲ್ಲ. ನಿಯಮ ತಾನು ಹೇಳಿದಂತೆಯೇ ಕೆಲಸ ಮಾಡಿದಾಗಲೂ ಫಲಿತಾಂಶ ಇದೇ ಆಗಿರುತ್ತದೆ. ಏಕೆಂದರೆ ಸರಕಾರದ ಹಣ ಹೋಗುವುದು ಭೂಮಿಯ ದಾಖಲೆಯಲ್ಲಿರುವ ಹೆಸರಿಗೆ. ಉಳುವ ಕೈ ಯಾವುದೆಂದು ಆ ವ್ಯವಸ್ಥೆ ಕೇಳುವುದಿಲ್ಲ.

ಮಂಗಳೂರು ತಾಲೂಕಿನಿಂದ ಬೇರ್ಪಟ್ಟು ರಚನೆಯಾದ ಮೂಡುಬಿದಿರೆ ತಾಲೂಕಿನ ಬೆಳುವಾಯಿ, ಅದಕ್ಕೆ ಸಮೀಪದ ಬೆಳ್ತಂಗಡಿ ತಾಲೂಕಿನ ವೇಣೂರು, ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆ ಮುಂತಾದ ಕಡೆಗಳಲ್ಲಿ ಹಿಡುವಳಿಗಳು ಚಿಕ್ಕವು. ಬೈಲು, ಮಜಲು, ಬೆಟ್ಟು ಎಂದು ನೀರಿನ ಆಧಾರದಲ್ಲಿ ವಿಂಗಡಿಸಿದ ಗದ್ದೆಗಳಲ್ಲಿ ಅನೇಕವು ಅಡಿಕೆ ತೋಟಗಳಾಗಿವೆ. ಕೆಲವು ಹಡಿಲು ಬಿದ್ದಿವೆ. ಒಂದು ತಲೆಮಾರು ಮುಂಬಯಿಯ ಹೋಟೆಲುಗಳಿಗೆ ಹೋಯಿತು, ಮುಂದಿನದು ಕೊಲ್ಲಿ ರಾಷ್ಟ್ರಗಳಿಗೂ ಬೆಂಗಳೂರಿಗೂ ಹೋಯಿತು. ಜಾಗ ನೋಡಿಕೊಳ್ಳಲು ಮನೆಯಲ್ಲಿ ಉಳಿದವರು ಹಲವೆಡೆ ಹೆಂಗಸರು ಮತ್ತು ವೃದ್ಧರು. ಪಹಣಿಯಲ್ಲಿ, ಅಂದರೆ ಜನರ ಬಾಯಲ್ಲಿ ಆರ್‌ಟಿಸಿಯಲ್ಲಿ, ಇರುವ ಹೆಸರುಗಳು ಮಾತ್ರ ಈ ಬದಲಾವಣೆಗೆ ತಕ್ಕಂತೆ ಬದಲಾಗಿಲ್ಲ.

ಆರು ಸಾವಿರದ ನಿಯಮ

ಹೆಚ್ಚು ಜನರಿಗೆ ಪರಿಚಿತವಾದುದು ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ. 2019ರ ಫೆಬ್ರವರಿ 1ರ ಮಧ್ಯಂತರ ಮುಂಗಡಪತ್ರದಲ್ಲಿ ಪ್ರಕಟವಾಗಿ, ಅದೇ ತಿಂಗಳ 24ರಂದು ಗೋರಖಪುರದಲ್ಲಿ ಉದ್ಘಾಟನೆಯಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂ. ಮೊತ್ತವು ತಲಾ 2,000 ರೂ.ಗಳ ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆರಂಭದಲ್ಲಿ ಇದು ಎರಡು ಹೆಕ್ಟೇರ್‌ವರೆಗೆ ಭೂಮಿ ಇರುವ ಸಣ್ಣ ಮತ್ತು ಅತಿ ಸಣ್ಣ ಕೃಷಿಕರಿಗೆ ಮಾತ್ರ ಸೀಮಿತವಾಗಿತ್ತು. ಅದೇ ವರ್ಷದ ಮೇ ಅಂತ್ಯದಲ್ಲಿ ಕೇಂದ್ರ ಸಂಪುಟ ಈ ಮಿತಿಯನ್ನು ತೆಗೆದುಹಾಕಿತು. ಕರ್ನಾಟಕ ಸರಕಾರವೂ 2019ರಲ್ಲಿ ತನ್ನ ಪಾಲಾಗಿ ವರ್ಷಕ್ಕೆ 4,000 ರೂ. ಸೇರಿಸಿತ್ತು. 2023ರಲ್ಲಿ ಸರಕಾರ ಬದಲಾದ ಬಳಿಕ ರಾಜ್ಯದ ಈ ಪಾಲು ನಿಂತಿತು. 'ಹತ್ತು ಸಾವಿರ ಬರುತ್ತಿದ್ದುದು ಆರು ಸಾವಿರವಾಯಿತು' ಎಂಬ ಗೊಂದಲಕ್ಕೆ ಇದೇ ಕಾರಣ.

ಯೋಜನೆಯಲ್ಲಿ 'ಕುಟುಂಬ' ಎಂಬ ಶಬ್ದಕ್ಕೆ ಒಂದು ನಿರ್ದಿಷ್ಟ ಅರ್ಥವಿದೆ. ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಸೇರಿದರೆ ಒಂದು ಕುಟುಂಬ. ತುಳುನಾಡಿನಲ್ಲಿ ಕುಟುಂಬವೆಂದರೆ ಜನ ತಿಳಿಯುವುದೇ ಬೇರೆ, ಕಾಗದದ ಕುಟುಂಬವೇ ಬೇರೆ. ಒಂದೇ ಪಹಣಿಯಲ್ಲಿ ನಾಲ್ವರು ಸಹೋದರರ ಹೆಸರಿದ್ದು, ನಾಲ್ವರೂ ವಿವಾಹಿತರಾಗಿದ್ದರೆ ಅವು ನಾಲ್ಕು ಕುಟುಂಬಗಳು. ಬೇರೆ ಅನರ್ಹತೆ ಇಲ್ಲದಿದ್ದರೆ ನಾಲ್ಕಕ್ಕೂ ತಲಾ 6,000 ರೂ. ಸಲ್ಲುತ್ತದೆ. ಜಮೀನು ಒಂದೇ ಎಕರೆ ಇದ್ದರೂ ಇದರಲ್ಲಿ ವ್ಯತ್ಯಾಸವಿಲ್ಲ. ಅದರ ಪಕ್ಕದಲ್ಲೇ ಐದು ಎಕರೆ ತೋಟ ಒಬ್ಬರ ಹೆಸರಿನಲ್ಲಿದ್ದರೆ ಅಲ್ಲಿಗೆ ಬರುವುದು ಒಂದೇ 6,000 ರೂ. ಈ ಹಣ ವಿಸ್ತೀರ್ಣಕ್ಕೆ ಅನುಗುಣವಾದುದಲ್ಲ, ಬೆಳೆಗೆ ಅನುಗುಣವಾದುದೂ ಅಲ್ಲ.

ಅನರ್ಹರ ಪಟ್ಟಿ ಈ ಭಾಗದ ಮಟ್ಟಿಗೆ ಮುಖ್ಯವಾದುದು. ಕಳೆದ ತೆರಿಗೆ ನಿರ್ಧಾರಣಾ ವರ್ಷದಲ್ಲಿ ಆದಾಯ ತೆರಿಗೆ ಪಾವತಿಸಿದವರು, ತಿಂಗಳಿಗೆ 10,000 ರೂ. ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತರು, ಸರಕಾರಿ ನೌಕರರು, ವೃತ್ತಿಯಲ್ಲಿರುವ ವೈದ್ಯರು, ವಕೀಲರು, ಎಂಜಿನಿಯರರು ಇದರ ಹೊರಗೆ. ನಾಲ್ಕನೇ ದರ್ಜೆಯ ನೌಕರರಿಗೂ ಆ ದರ್ಜೆಯ ನಿವೃತ್ತರಿಗೂ ವಿನಾಯಿತಿ ಇದೆ. ಅನಿವಾಸಿ ಭಾರತೀಯರಿಗೂ ಈ ಹಣ ಸಲ್ಲದು. ದುಬೈಯಲ್ಲಿ ದುಡಿಯುವ ಮಗನ ಹೆಸರಿಗೆ ಜಾಗ ವರ್ಗವಾಗಿದ್ದರೆ, ಅದೇ ತೋಟಕ್ಕೆ ನೀರು ಹಾಯಿಸುವ ತಾಯಿ ಆ ಕಾರಣಕ್ಕೆ ಹೊರಗುಳಿಯುತ್ತಾರೆ. ಇಲ್ಲಿ ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಬ್ಯಾಂಕ್ ಸಾಲಕ್ಕಾಗಿ ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸಿದ ಮಾತ್ರಕ್ಕೆ ಕೃಷಿಕ ಅನರ್ಹನಾಗುವುದಿಲ್ಲ. ತೆರಿಗೆ ಪಾವತಿಸಿದ್ದರೆ ಮಾತ್ರ ಅನರ್ಹ. ಅಡಿಕೆ ಮಾರಿದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡಿರುವುದು ದಿನಾಂಕದ ನಿಯಮ. 2019ರ ಫೆಬ್ರವರಿ 1ರಂದು ಯಾರ ಹೆಸರಿನಲ್ಲಿ ಜಮೀನಿತ್ತೋ ಅವರೇ ಅರ್ಹರು. ಆ ಬಳಿಕ ಖರೀದಿಯಿಂದಲೋ ದಾನಪತ್ರದಿಂದಲೋ ಭೂಮಿ ಪಡೆದವರಿಗೆ ಯೋಜನೆ ಬಾಗಿಲು ತೆರೆಯಲಿಲ್ಲ. ಮಾಲೀಕರು ಮೃತಪಟ್ಟು ವಾರಸುದಾರಿಕೆಯಿಂದ ಬಂದ ಭೂಮಿಗೆ ಮಾತ್ರ ವಿನಾಯಿತಿ ದೊರೆಯಿತು. ವಾರಸುದಾರಿಕೆ ಎಂದೊಡನೆ ವಿಷಯ ಮತ್ತೆ ಪಹಣಿಗೇ ಬಂದು ನಿಲ್ಲುತ್ತದೆ.

9ನೇ ಕಲಂ, 12ನೇ ಕಲಂ

ಪಹಣಿ ಪತ್ರಿಕೆಯ 9ನೇ ಕಲಮಿನಲ್ಲಿ ಕಬ್ಜೆದಾರರ, ಅಂದರೆ ಹಕ್ಕುದಾರರ ಹೆಸರಿರುತ್ತದೆ. 11ನೇ ಕಲಂ ಸಾಲ, ಅಡಮಾನ ಮೊದಲಾದ ಋಣಗಳನ್ನು ಹೇಳುತ್ತದೆ. 12ನೇ ಕಲಂ ಸಾಗುವಳಿದಾರ ಯಾರು, ಬೆಳೆ ಯಾವುದು ಎಂದು ದಾಖಲಿಸಬೇಕಾದ ಜಾಗ. ಇಂದು ಸಹಾಯಧನದ ಗಣಕಯಂತ್ರಗಳು ಹೆಸರಿಗಾಗಿ ನೋಡುವುದು 9ನೇ ಕಲಮನ್ನು. ಐವತ್ತು ವರ್ಷಗಳ ಹಿಂದೆ ಇದೇ ಜಿಲ್ಲೆಯ ಸಾವಿರಾರು ಮನೆಗಳ ಹಣೆಬರಹವನ್ನು ನಿರ್ಧರಿಸಿದ್ದು, ಅದಕ್ಕೆ ವಿರುದ್ಧವಾಗಿ, ಸಾಗುವಳಿಯ ಕಲಂ.

ದೇವರಾಜ ಅರಸು ಅವರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಗೆ ಕೊಟ್ಟ ಜಮೀನೆಲ್ಲ ಸರಕಾರದಲ್ಲಿ ನಿಹಿತವಾಯಿತು. ಮೂಲಗೇಣಿ, ಚಾಲಗೇಣಿಗಳಲ್ಲಿ ಬಾಳಿದ್ದ ಒಕ್ಕಲುಗಳು 7ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯ ಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ರುಜುವಾತುಪಡಿಸಬೇಕಾಗಿತ್ತು. ಅರ್ಜಿ ಸಲ್ಲಿಸುವ ಅವಧಿ 1979ರ ಜೂನ್ 30ರವರೆಗೆ ವಿಸ್ತರಣೆಯಾಯಿತು. 'ಡಿಕ್ಲರೇಶನಿನಲ್ಲಿ ಸಿಕ್ಕಿದ ಜಾಗ' ಎಂಬ ಮಾತು ಇಂದಿಗೂ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಉಳುವವನೇ ಒಡೆಯ ಎಂಬ ತತ್ವದ ಆಧಾರದಲ್ಲಿ ಹಕ್ಕು ಪಡೆದ ಪ್ರದೇಶವಿದು.

ಆದರೆ ಅರ್ಜಿ ಹಾಕಿದ್ದು ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸು. ಹಕ್ಕು ಮಂಜೂರಾದದ್ದು ಆತನೊಬ್ಬನ ಹೆಸರಿಗೆ. ದುಡಿದದ್ದು ಇಡೀ ಮನೆ. ಅದು ಅವನೊಬ್ಬನ ಸೊತ್ತೋ ಅವಿಭಕ್ತ ಕುಟುಂಬದ ಸೊತ್ತೋ ಎಂಬ ವ್ಯಾಜ್ಯಗಳು ತಲೆಮಾರು ಕಳೆದರೂ ನ್ಯಾಯಾಲಯದಲ್ಲಿ ನಡೆದಿವೆ. ಇನ್ನು ಅಳಿಯಸಂತಾನ ಕಟ್ಟಿಗೆ ಒಳಪಟ್ಟ ಮನೆತನಗಳಲ್ಲಿ ಹೆಣ್ಣಿನ ಸಂತತಿಯ ಮೂಲಕ ಸಾಗಿಬಂದ ಸೊತ್ತು 1949ರ ಮದರಾಸು ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ ಬಳಿಕ ಕವರುಗಳಾಗಿ, ಪಾಲುಗಳಾಗಿ ಒಡೆಯಿತು. ಕೆಲವೆಡೆ ಒಡೆಯದೆ ಹೆಸರುಗಳು ಮಾತ್ರ ಬೆಳೆದವು. ಒಂದು ಎಕರೆ ಚಿಲ್ಲರೆ ಸೆಂಟ್ಸ್ ಜಾಗಕ್ಕೆ ಹತ್ತು ಹನ್ನೆರಡು ಹೆಸರುಗಳ ಪಹಣಿ ಇಲ್ಲಿ ಅಪರೂಪವೇನಲ್ಲ. ಅವರಲ್ಲಿ ಕೆಲವರು ತೀರಿಹೋಗಿರುತ್ತಾರೆ, ಕೆಲವರು ಎಲ್ಲಿದ್ದಾರೆಂದೇ ತಿಳಿದಿರುವುದಿಲ್ಲ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಕೈಬರಹದ ಪಹಣಿಗಳನ್ನು ಗಣಕೀಕರಿಸಿದಾಗ ಕಾಗದ ಅಚ್ಚುಕಟ್ಟಾಯಿತು. ಹೆಸರುಗಳು ಮಾತ್ರ ಇದ್ದಂತೆಯೇ ಗಣಕಕ್ಕೆ ಹೋದವು. ಹಿಂದೆ ಶಾನುಭೋಗರ ಕಾಲದಲ್ಲಿ ತೀರಿಕೊಂಡವರ ಹೆಸರಿನಲ್ಲಿ ಕಂದಾಯ ಕಟ್ಟಿದರೂ ನಡೆಯುತ್ತಿತ್ತು. ಕಟ್ಟುವ ಹಣಕ್ಕೆ ಹೆಸರು ಮುಖ್ಯವಾಗಿರಲಿಲ್ಲ. ಬರುವ ಹಣಕ್ಕೆ ಮಾತ್ರ ಅದೇ ಎಲ್ಲವೂ ಆಯಿತು.

ಹೆಸರಿದ್ದರಷ್ಟೇ ಸಾಲದು. ಪಹಣಿಯ ಹೆಸರು, ಆಧಾರ್‌ನ ಹೆಸರು ಮತ್ತು ಬ್ಯಾಂಕ್ ಖಾತೆ ಮೂರೂ ತಾಳೆಯಾಗಬೇಕು. ರಾಜ್ಯದಲ್ಲಿ ಇದಕ್ಕಾಗಿ 'ಫ್ರೂಟ್ಸ್' ಎಂಬ ತಂತ್ರಾಂಶದಲ್ಲಿ ಪ್ರತಿ ಕೃಷಿಕರಿಗೆ ಒಂದು ಗುರುತಿನ ಸಂಖ್ಯೆ ನೀಡಲಾಗುತ್ತದೆ. ಆ ಸಂಖ್ಯೆಗೆ ತಮ್ಮ ಎಲ್ಲ ಸರ್ವೆ ನಂಬ್ರಗಳನ್ನು ಸೇರಿಸಿಕೊಳ್ಳಬೇಕು. ಸೇರಿಸದೆ ಬಿಟ್ಟ ನಂಬ್ರದ ಜಮೀನು ಸಹಾಯಧನದ ಲೆಕ್ಕಕ್ಕೆ ಇಲ್ಲದಂತೆಯೇ. ಪಹಣಿಯಲ್ಲಿ ಮನೆತನದ ಹೆಸರಿನೊಡನೆ, ಆಧಾರ್‌ನಲ್ಲಿ ಗಂಡನ ಹೆಸರಿನೊಡನೆ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್‌ನೊಡನೆ ಇರುವ ಒಬ್ಬಳೇ ಹೆಂಗಸು ಗಣಕಯಂತ್ರಕ್ಕೆ ಮೂರು ಬೇರೆ ಬೇರೆ ವ್ಯಕ್ತಿಗಳಾಗಿ ಕಾಣಿಸುತ್ತಾಳೆ. ಕಿಸಾನ್ ಸಮ್ಮಾನ್‌ಗೆ 2022ರಲ್ಲಿ ಇ-ಕೆವೈಸಿ ಕಡ್ಡಾಯವಾದ ಮೇಲೆ, ಅಡಿಕೆ ಸುಲಿದು ಬೆರಳಚ್ಚು ಸವೆದ ಹಿರಿಯರದು ಬೇರೆಯೇ ಪಾಡಾಯಿತು. 2023ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂದುದರಿಂದ ಈ ತೊಡಕು ಸ್ವಲ್ಪ ಸಡಿಲಗೊಂಡಿದೆ.

ಕುಮ್ಕಿಯ ತೋಟ

ಕರಾವಳಿಯ ಇನ್ನೊಂದು ವಿಶೇಷವನ್ನು ದಿಲ್ಲಿಯಲ್ಲಿ ನಿಯಮ ಬರೆದವರು ಕಂಡಿರಲಾರರು. ಕದೀಂ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆ ಪಡೆಯುವ ಕುಮ್ಕಿ ಸವಲತ್ತು ಇಲ್ಲಿನ ವರ್ಗದಾರರಿಗೆ ಬಹುಕಾಲದಿಂದ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಮಾನ್ಯ ಮಾಡುತ್ತದೆ. ಅದು ಸವಲತ್ತೇ ಹೊರತು ಒಡೆತನವಲ್ಲ. ಗದ್ದೆ ಕೆಳಗೆ, ಕುಮ್ಕಿ ಗುಡ್ಡ ಮೇಲೆ ಎಂಬಂತಿದ್ದ ಕಾಲದಲ್ಲಿ ಈ ವ್ಯತ್ಯಾಸ ಯಾರನ್ನೂ ಬಾಧಿಸಲಿಲ್ಲ. ಕೊಳವೆ ಬಾವಿ ಮತ್ತು ಹಿಟಾಚಿ ಯಂತ್ರ ಬಂದ ಮೇಲೆ ಗುಡ್ಡವೂ ತೋಟವಾಯಿತು.

ಹೀಗೆ ಕುಮ್ಕಿಯಲ್ಲಿ ಬೆಳೆದ ಅಡಿಕೆ, ಗೇರು, ರಬ್ಬರ್ ಯಾವುದಕ್ಕೂ 9ನೇ ಕಲಮಿನಲ್ಲಿ ಕೃಷಿಕನ ಹೆಸರಿಲ್ಲ. ಅಲ್ಲಿ ಇರುವುದು 'ಸರಕಾರ' ಎಂಬ ಶಬ್ದ. ಮರಗಳು ಎಷ್ಟೇ ಫಲ ಕೊಡಲಿ, ವಿಮೆಯ ದೃಷ್ಟಿಯಲ್ಲಿ, ಪರಿಹಾರದ ದೃಷ್ಟಿಯಲ್ಲಿ ಆ ತೋಟ ಇಲ್ಲ. ಅಕ್ರಮ-ಸಕ್ರಮದಡಿ 50, 53, 57ನೇ ನಮೂನೆಗಳಲ್ಲಿ ಅರ್ಜಿ ಕೊಟ್ಟು ಕಾದವರು ಅನೇಕರು. ಅರ್ಜಿಯ ಸ್ವೀಕೃತಿ ಚೀಟಿಗೆ ಸಹಾಯಧನ ಸಿಗುವುದಿಲ್ಲ. ಸರಕಾರಿ ಭೂಮಿಯಲ್ಲಿ ತೋಟ ಮಾಡಿದವರಿಗೆ ಸಹಾಯಧನವೇಕೆ ಎಂಬ ಪ್ರಶ್ನೆಯೂ ನ್ಯಾಯವಾದುದೇ. ಆದರೆ ಎರಡು ಎಕರೆ ವರ್ಗ ಜಮೀನನ್ನಷ್ಟೇ ನಂಬಿದವನಿಗೂ ಕುಮ್ಕಿಯಲ್ಲಿ ಹತ್ತು ಎಕರೆ ಮಾಡಿದವನಿಗೂ ದಾಖಲೆಯಲ್ಲಿ ಒಂದೇ ಸ್ಥಾನ. ಇಬ್ಬರೂ ಸಣ್ಣ ಕೃಷಿಕರೇ.

ಮಳೆಮಾಪಕ ನೋಡುವ ತೋಟ

ಅಡಿಕೆ ಬೆಳೆಗಾರರಿಗೆ ಆರು ಸಾವಿರಕ್ಕಿಂತ ಹೆಚ್ಚು ಮಹತ್ವದ್ದು ಹವಾಮಾನ ಆಧಾರಿತ ಬೆಳೆ ವಿಮೆ. ದಕ್ಷಿಣ ಕನ್ನಡದಲ್ಲಿ ಅಡಿಕೆ ಮತ್ತು ಕಾಳುಮೆಣಸು ಇದಕ್ಕೆ ಒಳಪಟ್ಟಿವೆ. ಈಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರ್‌ಗೆ 1,28,000 ರೂ. ವಿಮಾ ಮೊತ್ತ ನಿಗದಿಯಾಗಿದ್ದು, ಅದರ ಶೇ. 5ರಷ್ಟು, ಅಂದರೆ 6,400 ರೂ. ಕೃಷಿಕನ ಕಂತು. ಎಕರೆಗೆ ಲೆಕ್ಕ ಹಾಕಿದರೆ ಇದು ಸುಮಾರು 2,590 ರೂ. ಕಾಳುಮೆಣಸಿಗೆ ಹೆಕ್ಟೇರ್‌ಗೆ 47,000 ರೂ. ವಿಮಾ ಮೊತ್ತ, 2,350 ರೂ. ಕಂತು. ಕಂಪನಿ ಕೇಳುವ ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ಭರಿಸುತ್ತವೆ. ಇದೂ ಸಹಾಯಧನವೇ, ಆದರೆ ಹೋಗುವುದು ವಿಮಾ ಕಂಪನಿಗೆ.

ಇಲ್ಲಿ ಪರಿಹಾರ ನಿರ್ಧಾರವಾಗುವುದು ತೋಟದ ನಷ್ಟವನ್ನು ನೋಡಿ ಅಲ್ಲ. ಗ್ರಾಮ ಪಂಚಾಯತ್ ಘಟಕಕ್ಕೆ ಸಂಬಂಧಿಸಿದ ಮಳೆಮಾಪಕ ಮತ್ತು ಹವಾಮಾನ ಕೇಂದ್ರದ ಅಂಕಿಅಂಶಗಳನ್ನು ಮೊದಲೇ ನಿಗದಿಪಡಿಸಿದ ಮಿತಿಗಳೊಡನೆ ಹೋಲಿಸಿ ಲೆಕ್ಕ ಹಾಕಲಾಗುತ್ತದೆ. ಆಷಾಢದಲ್ಲಿ ಎಡೆಬಿಡದೆ ಮಳೆ ಸುರಿದು ಕೊಳೆರೋಗದಿಂದ ಎಳೆಗಾಯಿ ಉದುರಿದರೂ ಮಾಪಕದ ಅಂಕಿ ಮಿತಿ ದಾಟದಿದ್ದರೆ ಹಣವಿಲ್ಲ. ರೋಗವೇ ಬಾರದ ತೋಟಕ್ಕೆ ಹಣ ಬರಲೂಬಹುದು. ಗುಡ್ಡದ ಒಂದು ಮಗ್ಗುಲಲ್ಲಿ ಮಳೆ, ಇನ್ನೊಂದರಲ್ಲಿ ಬಿಸಿಲು ಎಂಬುದು ಪಶ್ಚಿಮ ಘಟ್ಟದ ತಪ್ಪಲಿನ ನಿತ್ಯದ ಅನುಭವ. ಒಂದು ಪಂಚಾಯತಿಗೆ ಒಂದು ಮಾಪಕವೆಂದರೆ ಇಲ್ಲಿ ಅದು ಬಹಳ ವಿರಳವೇ.

ವಿಮೆಗೂ 'ಫ್ರೂಟ್ಸ್' ಸಂಖ್ಯೆ ಬೇಕು. ಜಂಟಿ ಪಹಣಿಯಾದರೆ ಉಳಿದ ಹಕ್ಕುದಾರರ ಒಪ್ಪಿಗೆ ಪತ್ರವನ್ನು ಸಾಮಾನ್ಯವಾಗಿ ಕೇಳಲಾಗುತ್ತದೆ. ಇದರ ಮೇಲೆ ಬೆಳೆ ಸಮೀಕ್ಷೆಯ ದಾಖಲೆ ತಾಳೆಯಾಗಬೇಕು. ಮೊಬೈಲ್ ಮೂಲಕ ಕೃಷಿಕರೇ ಬೆಳೆಯ ವಿವರ ದಾಖಲಿಸುವ ವ್ಯವಸ್ಥೆ 2020ರಲ್ಲಿ ಬಂದಿತು. ದಾಖಲಿಸದವರ ಜಮೀನನ್ನು ನಿಯೋಜಿತ ಖಾಸಗಿ ನಿವಾಸಿಗಳು ಬಂದು ದಾಖಲಿಸುತ್ತಾರೆ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಮಿಶ್ರ ಬೆಳೆಯೆಂದು ನಮೂದಿಸದೆ 'ಅಡಿಕೆ' ಎಂದಷ್ಟೇ ಬರೆದರೆ, ಕಂತು ಕಟ್ಟಿದ ಮೆಣಸಿಗೆ ಪರಿಹಾರ ಬರುವಾಗ ತಕರಾರು ಏಳುತ್ತದೆ. ಹಳೆಯ ಗದ್ದೆಯನ್ನು ತೋಟ ಮಾಡಿ ವರ್ಷಗಳಾದರೂ ದಾಖಲೆಯಲ್ಲಿ ಭತ್ತವೇ ಉಳಿದಿದ್ದರೂ ಇದೇ ಗತಿ. ಸಮೀಕ್ಷೆಯ ದಾಖಲೆಗೆ ಆಕ್ಷೇಪ ಸಲ್ಲಿಸಲು ಅವಕಾಶವಿದೆ. ಅದನ್ನು ಸಕಾಲದಲ್ಲಿ ನೋಡಿಕೊಳ್ಳುವವರು ಕಡಿಮೆ.

ಗಾಳಿ ಮಳೆಗೆ ಮರ ಉರುಳಿದಾಗ ಸಿಗುವುದು ವಿಮೆಗಿಂತ ಬೇರೆಯಾದ ಪ್ರಕೃತಿ ವಿಕೋಪ ಪರಿಹಾರ. 2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರ್‌ಗೆ 22,500 ರೂ., ಗರಿಷ್ಠ ಎರಡು ಹೆಕ್ಟೇರ್. ನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಹೆಕ್ಟೇರ್‌ಗೆ ಸುಮಾರು 1,370 ಅಡಿಕೆ ಮರಗಳಾಗುತ್ತವೆ. ಭಾಗಿಸಿದರೆ ಒಂದು ಮರಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಮತ್ತೆ ಗಿಡ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು.

ಹೆಸರು ಕೇಳದ ಎರಡು ನೆರವು

ಪಹಣಿಯನ್ನು ಕೇಳದೆ ನಿಜವಾದ ಸಾಗುವಳಿದಾರನನ್ನು ತಲಪುವ ನೆರವು ಇಲ್ಲವೇ ಇಲ್ಲ ಎನ್ನುವಂತಿಲ್ಲ. ವಿಚಿತ್ರವೆಂದರೆ ಅದನ್ನು ಯಾರೂ ಸಹಾಯಧನವೆಂದು ಎಣಿಸುವುದೇ ಇಲ್ಲ. 45 ಕಿಲೋ ತೂಕದ ಯೂರಿಯಾ ಚೀಲ 266 ರೂ. 50 ಪೈಸೆಗೆ ದೊರೆಯುವುದು ಅದರ ನಿಜವಾದ ವೆಚ್ಚದ ಬಹುಪಾಲನ್ನು ಕೇಂದ್ರ ಸರಕಾರ ಕಂಪನಿಗೆ ತುಂಬಿಕೊಡುವುದರಿಂದ. 2018ರಿಂದ ದೇಶದಾದ್ಯಂತ ಸೊಸೈಟಿ ಅಥವಾ ಅಂಗಡಿಯ ಯಂತ್ರದಲ್ಲಿ ಖರೀದಿದಾರನ ಆಧಾರ್ ದಾಖಲಾಗಿ ಮಾರಾಟವಾದ ಮೇಲಷ್ಟೇ ಕಂಪನಿಗೆ ಈ ಹಣ ಸಲ್ಲುತ್ತದೆ. ಆಗ ರೂಪಿಸಿದ ಈ ವ್ಯವಸ್ಥೆ ಪಹಣಿಯನ್ನು ಆಧರಿಸಿದುದಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿರುವ ಪ್ರಮಾಣ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ. ಅದನ್ನು ಯೂರಿಯಾದಲ್ಲೇ ಒದಗಿಸಿದರೆ ಎಕರೆಗೆ ಎರಡೂವರೆ ಚೀಲ ಮೀರುತ್ತದೆ. ಗೇಣಿಗೆ ಗದ್ದೆ ಮಾಡುವವನಿಗೂ ಕುಮ್ಕಿಯ ತೋಟಕ್ಕೂ ಈ ರಿಯಾಯಿತಿ ಸಮಾನ.

ಎರಡನೆಯದು ವಿದ್ಯುತ್. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ಬಿಲ್ಲಿಲ್ಲ. ಆ ಹಣವನ್ನು ಸರಕಾರ ಮೆಸ್ಕಾಂನಂಥ ಕಂಪನಿಗಳಿಗೆ ನೀಡುತ್ತದೆ. ಅಜ್ಜನ ಹೆಸರಿನ ಆರ್‌ಆರ್ ನಂಬ್ರದಲ್ಲಿ ಮೊಮ್ಮಗ ನೀರು ಹಾಯಿಸುವುದು ಇಲ್ಲಿ ತೀರ ಸಾಮಾನ್ಯ. ಆದರೆ ಪಂಪಿನ ಆರ್‌ಆರ್ ನಂಬ್ರಕ್ಕೆ ಆಧಾರ್ ಜೋಡಿಸಬೇಕೆಂಬ ಸೂಚನೆ ಬಂದ ಮೇಲೆ ಇಲ್ಲೂ ತೀರಿಹೋದ ಅಜ್ಜನ ಪ್ರಶ್ನೆ ಎದ್ದಿದೆ.

ಗೇಣಿದಾರನಿಗೆ ಹಾದಿ ಇದೆಯೇ

ಭೂಸುಧಾರಣೆಯ ಒಂದು ಅನಿರೀಕ್ಷಿತ ಪರಿಣಾಮ ಇಂದಿನ ಗೇಣಿದಾರರ ಮೇಲೆ ಬಿದ್ದಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ, ಸೈನಿಕರು ಮತ್ತು ನಾವಿಕರಂಥ ಕೆಲವರ ವಿನಾ, ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸುತ್ತದೆ. ಹೀಗಾಗಿ ಹಡಿಲು ಗದ್ದೆಯನ್ನು ಮಾತಿನ ಮೇಲೆ ಪಡೆದು ಏಣಿಲು, ಸುಗ್ಗಿ ಬೆಳೆ ತೆಗೆಯುವವರು ತಮ್ಮ ಹೆಸರನ್ನು ಎಲ್ಲಿಯೂ ಬರೆಸಿಕೊಳ್ಳುವಂತಿಲ್ಲ. ಬರೆಸಿದರೆ ಮುಂದೆ ಜಾಗ ಹೋದೀತು ಎಂಬ ಅಂಜಿಕೆ, 1974ರ ನೆನಪಿರುವ ಮಾಲೀಕರಲ್ಲಿ ಇನ್ನೂ ಇದೆ. ಅವರ ಅಂಜಿಕೆಯನ್ನು ಅರ್ಥ ಮಾಡಿಕೊಳ್ಳಬಹುದು. ನಷ್ಟ ಮಾತ್ರ ಉಳುವವನದು.

ಬೇರೆ ರಾಜ್ಯಗಳೂ ಈ ಕಗ್ಗಂಟನ್ನು ಎದುರಿಸಿವೆ. ತೆಲಂಗಾಣ 2018ರ ಮೇ ತಿಂಗಳಲ್ಲಿ ಎಕರೆಗೆ ಪ್ರತಿ ಹಂಗಾಮಿಗೆ 4,000 ರೂ.ಗಳಂತೆ ಆರಂಭಿಸಿದ ರೈತಬಂಧು, ಪಟ್ಟಾದಾರರಿಗೆ ಧಾರಾಳವಾಗಿಯೇ ಹಣ ಕೊಟ್ಟು ಗೇಣಿದಾರರನ್ನು ಹೊರಗಿಟ್ಟಿತು. ಅದರ ಬಳಿಕ ಬಂದ ಒಡಿಶಾದ 'ಕಾಲಿಯಾ' ಯೋಜನೆ ಪಾಲುಗಾರಿಕೆಯವರನ್ನೂ ಭೂರಹಿತ ಕೃಷಿ ಕುಟುಂಬಗಳನ್ನೂ ಒಳಗೊಂಡಿತು. ಅದಕ್ಕೆ ಹಕ್ಕುಪತ್ರವೊಂದನ್ನೇ ಆಧಾರವಾಗಿಸದೆ ಮನೆಮನೆಯ ಪಟ್ಟಿ ಬೇಕಾಯಿತು. ಅಂಥ ಪಟ್ಟಿಯಲ್ಲಿ ತಪ್ಪುಗಳು ನುಸುಳುವುದು ಸಹಜ. ಪಹಣಿ ಆಧರಿಸಿದ ಪಟ್ಟಿಯಲ್ಲಿಯೂ ತಪ್ಪುಗಳಿವೆ. ಅವು ಕಾಗದದ ಮೇಲೆ ಸರಿಯಾಗಿ ಕಾಣುತ್ತವೆ, ಅಷ್ಟೇ.

ಇ-ಪೌತಿ

ರಾಜ್ಯದಲ್ಲಿ ಲಕ್ಷಗಟ್ಟಲೆ ಜಮೀನುಗಳು ಇನ್ನೂ ಮೃತರ ಹೆಸರಿನಲ್ಲಿರುವುದನ್ನು ಕಂದಾಯ ಇಲಾಖೆಯೇ ಒಪ್ಪಿಕೊಂಡಿದೆ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕಾರ್ಯ ನಡೆದಾಗ ಇದರ ಅಗಾಧತೆ ಸ್ಪಷ್ಟವಾಯಿತು. 2025ರಲ್ಲಿ ಇ-ಪೌತಿ ಆಂದೋಲನ ಕೈಗೆತ್ತಿಕೊಳ್ಳಲಾಯಿತು. ಗ್ರಾಮ ಆಡಳಿತ ಅಧಿಕಾರಿಯ ಮೂಲಕ ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷದ ಆಧಾರದಲ್ಲಿ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು ಇದರ ಉದ್ದೇಶ. ಪಾಲುಪಟ್ಟಿ ಆಗದಿದ್ದರೂ ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿ ಖಾತೆ ಆಗಬಲ್ಲದು. ಕಿಸಾನ್ ಸಮ್ಮಾನ್‌ನ ಮಟ್ಟಿಗೆ ಅಷ್ಟು ಸಾಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ವಾರಸುದಾರರೇ. ಅವರನ್ನು ಬಿಟ್ಟು ವಂಶವೃಕ್ಷ ಬರೆಸಿದರೆ ಮುಂದೆ ವ್ಯಾಜ್ಯ ತಪ್ಪದು.

ಪಾಲು ಬೇರೆ ಮಾಡಿ ನೋಂದಾಯಿಸಬೇಕಾದರೆ 11ಇ ನಕ್ಷೆ ಬೇಕು. ಅಂದರೆ ಭೂಮಾಪಕರು ಬಂದು ಅಳೆಯಬೇಕು, ಎಲ್ಲರೂ ಒಪ್ಪಬೇಕು. ಹಲವು ಮನೆಗಳಲ್ಲಿ ಕೆಲಸ ನಿಲ್ಲುವುದೇ ಇಲ್ಲಿ. ದೈವದ ಗುಡಿ ಯಾರ ಪಾಲಿಗೆ, ಬಾವಿಯ ನೀರು ಯಾರಿಗೆ, ತೋಟಕ್ಕೆ ಹೋಗುವ ದಾರಿ ಎಲ್ಲಿ ಎಂಬ ಪ್ರಶ್ನೆಗಳ ಮುಂದೆ ವರ್ಷಕ್ಕೆ ಆರು ಸಾವಿರ ರೂಪಾಯಿ ದೊಡ್ಡದಾಗಿ ಕಾಣುವುದಿಲ್ಲ. ವಿಮೆಯೂ ವಿಕೋಪ ಪರಿಹಾರವೂ ಅದೇ ಹೆಸರಿಗೆ ಅಂಟಿಕೊಂಡಿವೆ ಎಂಬುದು ಅರಿವಿಗೆ ಬರುವುದು ಹೆಚ್ಚಾಗಿ ಕೊಳೆರೋಗ ಬಂದ ವರ್ಷದಲ್ಲಿ.

ಗ್ರಾಮವಾರು ಫಲಾನುಭವಿಗಳ ಪಟ್ಟಿಯನ್ನು ಕಿಸಾನ್ ಸಮ್ಮಾನ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸಾಮಾನ್ಯವಾಗಿ ಜನ ಅದರಲ್ಲಿ ಹುಡುಕುವುದು ನೆರೆಮನೆಯವರ ಹೆಸರನ್ನು. ತಮ್ಮದೇ ಮನೆಯ ಪಹಣಿಯ 9ನೇ ಕಲಂನಲ್ಲಿ ಯಾರಿದ್ದಾರೆ, ಅವರಲ್ಲಿ ಬದುಕಿರುವವರು ಎಷ್ಟು, 12ನೇ ಕಲಂನಲ್ಲಿ ಬರೆದಿರುವ ಬೆಳೆ ತೋಟದಲ್ಲಿರುವುದೇ ಎಂಬುದನ್ನು ನಾಡಕಚೇರಿಯಿಂದ ಒಂದು ಪ್ರತಿ ತಂದು ನೋಡಬಹುದು. ಕಿಸಾನ್ ಸಮ್ಮಾನ್‌ನ ಅರ್ಜಿಗೆ ಮೂಡುಬಿದಿರೆಯ ರೈತ ಸಂಪರ್ಕ ಕೇಂದ್ರ, ಅಡಿಕೆ-ಮೆಣಸಿನ ವಿಮೆಗೆ ತೋಟಗಾರಿಕೆ ಇಲಾಖೆ ಮತ್ತು ಸಾಲವಿರುವ ಸೊಸೈಟಿ ಅಥವಾ ಬ್ಯಾಂಕ್, ಹೆಸರಿನ ತಿದ್ದುಪಡಿಗೆ ಕಂದಾಯ ಇಲಾಖೆ ಎಂದು ಮೂರು ಕಡೆ ಅಲೆಯಬೇಕಾಗುತ್ತದೆ. ಮೊದಲು ಹೋಗಬೇಕಾದುದು ಕಂದಾಯ ಇಲಾಖೆಗೆ. ಅಲ್ಲಿ ಹೆಸರು ಸರಿಯಾಗದೆ ಉಳಿದೆರಡು ಕಡೆ ಕಡತ ಮುಂದೆ ಸಾಗುವುದಿಲ್ಲ.